ಕ್ಷಯದ ವಾರ್ಡಿಗೆ ಕ್ಲಾರಿ ಕಳಿಸಿದ ಚಿತ್ರಗಳು

ಕ್ಲಾರಿ ಹಾಕಿಂಗ್ ಜೀವನದಲ್ಲಿ ಮೊದಲ ಸಲ ಬಿಡಿಸಿದ ಕುರಿ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತ ಮುದುಕಿಯ ಹಾಗಿತ್ತು. ಹೆಂಡತಿಗೆ ಕಳಿಸಬೇಕೆಂದು ಅದನ್ನು ನನ್ನ ಕೈಗೆ ಕೊಟ್ಟಾಗ ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆದರೆ ನನ್ನ ಬಾಯಿಗೆ ಬೀಗ ಹಾಕುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ನಾನು ಥೆಲ್ಮಾ ರಜ್. ಬೊಂಡಾರ ಎಂಬ ಕುರಿ ಸೀಮೆಯ ಪುಟ್ಟ ಊರಿನಿಂದ ಪಶ್ಚಿಮಕ್ಕೆ ಹೋಗುವ ಮಣ್ಣು ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಟಪಾಲು ಲಾರಿ ಓಡಿಸಿದವಳು. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ. ಕಾಗದಗಳ ಜೊತೆ ಬ್ರೆಡ್ಡು, ಕೋಳಿಮರಿ, ಪಂಪಿನ ಬೆಲ್ಟು, ಒಂದು ಸಲ ಮೂರಂತಸ್ತಿನ ಮದುವೆ ಕೇಕನ್ನೂ ಸಾಗಿಸಿದ್ದೇನೆ. ದಾರಿಯಲ್ಲಿ ಒಟ್ಟು ಹದಿನಾರು ಟಪಾಲು ಡಬ್ಬಿಗಳು. ಕ್ಲಾರಿಯದು ಒಂಬತ್ತನೆಯದು, ಎಣ್ಣೆಯ ಡ್ರಮ್ಮನ್ನು ಅಡ್ಡ ಮಲಗಿಸಿ ಗೂಟಕ್ಕೆ ಬಡಿದದ್ದು.

ಕ್ಲಾರಿಯ ಕಸುಬು ಕುರಿಯ ತುಪ್ಪಟ ಕತ್ತರಿಸುವುದು. ಹನ್ನೊಂದನೆಯ ವಯಸ್ಸಿಗೆ ಶಾಲೆಗೆ ಶರಣು ಹೊಡೆದು ತುಪ್ಪಟ ಕತ್ತರಿಸುವ ಷೆಡ್ಡು ಸೇರಿದವನು, ಐವತ್ತು ದಾಟಿದರೂ ದಿನಕ್ಕೆ ನೂರೈವತ್ತು ಕುರಿಯ ತುಪ್ಪಟ ಇಳಿಸುತ್ತಿದ್ದ. ಕೆಲಸ ಎಷ್ಟು ಶುದ್ಧವೆಂದರೆ, ತುಪ್ಪಟ ಕೆಟ್ಟದಾಗಿ ಕತ್ತರಿಸಿದ ಕುರಿಗೆ ಮಾಲೀಕರು ನೀಲಿ ಕಡ್ಡಿಯಿಂದ ಗೀರು ಎಳೆಯುತ್ತಾರಲ್ಲ, ಆ ಗೀರು ಕ್ಲಾರಿಯ ಕುರಿಯ ಮೇಲೆ ಬಿದ್ದದ್ದನ್ನು ಕಂಡವರೇ ಇಲ್ಲ. ಓದು ಬರಹ ಮಾತ್ರ ಅವನ ಹತ್ತಿರ ಸುಳಿದಿರಲಿಲ್ಲ. ಹೆಸರು ಗೀಚಲು ಬರುತ್ತಿತ್ತು, ಅಷ್ಟೆ. ಮಾತೂ ಅಷ್ಟಕ್ಕಷ್ಟೆ. ಇಬ್ಬರ ಪಾಲಿನ ಮಾತನ್ನೂ ಅವನ ಹೆಂಡತಿ ಎನಿಡ್ ಒಬ್ಬಳೇ ಆಡಿ ಮುಗಿಸುತ್ತಿದ್ದಳು. ಮಕ್ಕಳಿರಲಿಲ್ಲ. ಕೋಳಿ, ನಿಂಬೆ ಗಿಡ, ನಾಯಿ, ಹಾಲಿನ ಹಸು, ಎಲ್ಲದರ ಮೇಲೂ ಅವಳ ದರ್ಬಾರು ನಡೆಯುತ್ತಿತ್ತು.

ಸಾವಿರದ ಒಂಬೈನೂರ ಐವತ್ಮೂರರ ಏಪ್ರಿಲಿನಲ್ಲಿ ಎದೆಯ ಫೋಟೋ ತೆಗೆಯುವ ಸರ್ಕಾರಿ ಬಸ್ಸು ಬೊಂಡಾರಕ್ಕೆ ಬಂತು. ಊರಿಗೆ ಊರೇ ಜಾತ್ರೆಗೆ ಬಂದಂತೆ ಸಾಲು ನಿಂತಿತ್ತು. ಎನಿಡ್ ನನ್ನನ್ನು ಎಳೆದುಕೊಂಡು ಹೋದಳು. "ಬಾರೇ ಥೆಲ್, ಎದೆಯೊಳಗೆ ಏನಿದೆ ಅಂತ ಪುಕ್ಕಟೆ ನೋಡ್ಕೊಂಡು ಬರೋಣ. ನಿಂದ್ರಲ್ಲಿ ಕಲ್ಲೇ ಇರೋದು, ಬರೆದಿಟ್ಕೋ" ಅಂದಳು. ನನ್ನ ಎದೆ ಸ್ವಚ್ಛವಾಗಿತ್ತು. ಅವಳದರಲ್ಲಿ ನೆರಳು ಬಿದ್ದಿತ್ತು. ಆ ಸುದ್ದಿ ಹೊತ್ತ ಸರ್ಕಾರಿ ಲಕೋಟೆಯನ್ನು ಒಂಬತ್ತನೆಯ ಡಬ್ಬಿಗೆ ಹಾಕಿದವಳೂ ನಾನೇ. ಆಗ ಆ ಬಸ್ಸಿಗೆ ಹಿಡಿಶಾಪ ಹಾಕಿದ್ದೆ. ಈಗ ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ. ಆರು ತಿಂಗಳು ತಡವಾಗಿ ಬಂದಿದ್ದರೆ ಎನಿಡ್ ನಮಗೆ ಉಳಿಯುತ್ತಿರಲಿಲ್ಲ.

ಮೆಲ್ಬರ್ನಿನ ಆಚೆ ಗುಡ್ಡದ ಮೇಲೆ ಕ್ಷಯದ ಆಸ್ಪತ್ರೆ. ನಮ್ಮೂರಿನಿಂದ ಒಂದು ಹಗಲು ಒಂದು ರಾತ್ರಿ ರೈಲು. ಕ್ಲಾರಿ ಅವಳನ್ನು ಬಿಟ್ಟು ಬಂದ ಮೇಲಿನ ಮಂಗಳವಾರ ಡಬ್ಬಿಯ ಹತ್ತಿರ ನನಗಾಗಿ ಕಾಯುತ್ತಿದ್ದ.

"ಡಾಕ್ಟರು ಏನಂದ್ರು?" ಕೇಳಿದೆ.

"ಹನ್ನೊಂದು ತಿಂಗಳು ಅಲುಗಾಡದೆ ಮಲಗಿದ್ರೆ ಬದುಕ್ತಾಳಂತೆ. ಮಧ್ಯದಲ್ಲಿ ಎದ್ದು ಬಂದ್ರೆ ಇಲ್ಲವಂತೆ. ತುಂಬ ಜನ ಹಂಗೇ ಮಾಡ್ತಾರಂತೆ. ಔಷಧಿ ಹಿಡಿದು ಮೈ ಹಗುರಾಗುತ್ತೆ, ಸರಿಹೋಯ್ತು ಅಂದ್ಕೊಂಡು ಗಂಟುಮೂಟೆ ಕಟ್ತಾರಂತೆ." ಅವನ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ನಾನು ಅಂದೇ ಕೇಳಿದ್ದು. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಅವಳು ಹನ್ನೊಂದು ನಿಮಿಷ ಒಂದು ಕಡೆ ಕೂರೋಳಲ್ಲ ಥೆಲ್."

ಅದು ನಿಜವಾಗಿತ್ತು. ಚರ್ಚಿನಲ್ಲಿ ಕೂಡ ಪ್ರಾರ್ಥನೆಯ ನಡುವೆ ಎದ್ದು ಹೂದಾನಿ ಸರಿಮಾಡುವ ಹೆಂಗಸು ಅವಳು.

ಮೊದಲು ಅವನು ಫೋನ್ ಪ್ರಯತ್ನಿಸಿದ. ನಮ್ಮ ಕಡೆ ಎಂಟು ಮನೆಗೆ ಒಂದೇ ತಂತಿ. ಯಾರ ಮನೆಗೆ ಗಂಟೆ ಬಡಿದರೂ ಉಳಿದ ಏಳು ಮನೆಯವರು ಮೆಲ್ಲಗೆ ರಿಸೀವರ್ ಎತ್ತಿ ಉಸಿರು ಬಿಗಿಹಿಡಿದು ಕೇಳುತ್ತಾರೆ. ನಾನೂ ಕೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಸ್ಪತ್ರೆಯ ಸಿಸ್ಟರ್, "ರೋಗಿಗಳು ಫೋನಿಗೆ ಬರೋ ಹಾಗಿಲ್ಲ. ಏನು ಹೇಳಬೇಕೋ ಹೇಳಿ, ತಿಳಿಸ್ತೀನಿ" ಅಂದಳು. ಕ್ಲಾರಿ ಗಂಟಲು ಸರಿಮಾಡಿಕೊಂಡ. ಮತ್ತೆ ಸರಿಮಾಡಿಕೊಂಡ. ಆಮೇಲೆ, "ಆಯ್ತು" ಅಂದ.

ಮೂರನೆಯ ಮನೆಯ ಗ್ಲಾಡಿಸ್ ಪಿಮ್‌ಗೆ ತಡೆದುಕೊಳ್ಳಲಾಗಲಿಲ್ಲ. "ನಿನ್ನ ನೆನಪಾಗ್ತಿದೆ ಅಂತ ಹೇಳೋ ಮಾರಾಯ! ದುಡ್ಡು ದಂಡ ಆಗ್ತಿದೆ!" ಅಂತ ತಂತಿಯ ನಡುವಿನಿಂದ ಕೂಗಿದಳು. ಕ್ಲಾರಿ ಫೋನಿಟ್ಟವನು ಮತ್ತೆ ಅದನ್ನು ಮುಟ್ಟಲಿಲ್ಲ.

"ನೀನು ಹೇಳು, ನಾನು ಕಾಗದ ಬರೀತೀನಿ" ಎಂದು ನಾನು ಹೇಳಿ ನೋಡಿದೆ.

"ಹೆಂಡ್ತಿಗೆ ಹೇಳೋದನ್ನ ನಿನ್ನ ಮುಂದೆ ಹೇಳೋಕಾಗುತ್ತಾ?" ಅಂದ.

ಹಾಗಾಗಿಯೇ ಆ ಕುರಿ ಹುಟ್ಟಿತು. ದಿನಸಿ ಸುತ್ತಿ ಬಂದಿದ್ದ ಕಂದು ಕಾಗದದ ಮೇಲೆ, ಷೆಡ್ಡಿನ ನೀಲಿ ಗುರುತುಕಡ್ಡಿಯಿಂದ ಬಿಡಿಸಿದ್ದ. ನಾನು ನಕ್ಕೆ, ವಿಳಾಸ ಬರೆದೆ, ಕಳಿಸಿದೆ. ಮುಂದಿನ ವಾರ ಎನಿಡ್‌ಳ ನಾಲ್ಕು ಪುಟದ ಕಾಗದ ಬಂತು. ಅವನಿಗೆ ಓದಲು ಬಾರದಲ್ಲ, ಡಬ್ಬಿಯ ಪಕ್ಕ ನಿಂತು ನಾನೇ ಓದಿದೆ.

"ಕ್ಲಾರಿ, ನಿನ್ನ ಕುರಿ ಬಂತು. ಅದನ್ನ ಕೂರಿಸಿದವರು ಯಾರು? ಚಹಾ ಕೊಡ್ತೀನಿ ಅಂತ ಹೇಳಿ ಕೂರಿಸಿದೀಯಾ? ಪಾಪ, ಇನ್ನೂ ಕಾಯ್ತಾ ಇದೆ..."

ಕ್ಲಾರಿ ನಗಲಿಲ್ಲ. ಬೂಟನ್ನು ನೋಡುತ್ತ ನಿಂತಿದ್ದ. ಆಮೇಲೆ ನಿಜವಾಗಿ ಆಶ್ಚರ್ಯಪಟ್ಟವನ ಹಾಗೆ, "ಕುರಿ ಹಂಗೇ ಅಲ್ವಾ ಇರೋದು?" ಅಂದ.

ಆಗ ನನಗೆ ಹೊಳೆಯಿತು. ಕತ್ತರಿಸುವವನು ಕುರಿಯನ್ನು ಹಿಂಭಾಗದ ಮೇಲೆ ಕೂರಿಸಿ, ಬೆನ್ನನ್ನು ತನ್ನ ಎರಡು ಮಂಡಿಗೆ ಒರಗಿಸಿಕೊಂಡು, ಮೇಲಿನಿಂದ ಬಗ್ಗಿ ಹೊಟ್ಟೆಯ ಕಡೆಯಿಂದ ಶುರುಮಾಡುತ್ತಾನೆ. ನಲವತ್ತು ವರ್ಷದಲ್ಲಿ ಈ ಮನುಷ್ಯ ಲಕ್ಷಗಟ್ಟಲೆ ಕುರಿಗಳನ್ನು ಅಪ್ಪಿ ಹಿಡಿದಿದ್ದ. ನಿಂತ ಕುರಿಯನ್ನು ಗಮನಿಸಿ ನೋಡಿರಲೇ ಇಲ್ಲ.

ಮರುದಿನದಿಂದ ಅವನು ಬೇಲಿಯ ಮೇಲೆ ಮೊಣಕೈ ಊರಿಕೊಂಡು ಕುರಿ ನೋಡತೊಡಗಿದ. ಒಂದು ಭಾನುವಾರವಂತೂ ಬೆಳಗಿನಿಂದ ಸಂಜೆಯ ತನಕ ನೋಡಿದ. ಗ್ಲಾಡಿಸ್ ನನ್ನ ಲಾರಿ ನಿಲ್ಲಿಸಿ, "ಕ್ಲಾರಿಗೆ ತಲೆ ಗಿಲೆ ಕೆಟ್ಟಿದ್ಯೇನೇ? ಕುರಿ ಕಂಡೇ ಇಲ್ದೋರ ಥರ ನಿಂತಿದಾನೆ" ಅಂದಳು. "ಅವನು ಕಂಡಿಲ್ಲ ಕಣೇ" ಅಂದೆ. ಅವಳು ನನ್ನ ತಲೆಯ ಬಗ್ಗೆಯೂ ಅನುಮಾನಪಟ್ಟಳು.

ಮಂಗಳವಾರ ಕ್ಲಾರಿಯ ಮುಖದಲ್ಲಿ ಏನೋ ಬೆಳಕಿತ್ತು. "ಥೆಲ್, ಕುರಿ ಹಿಂಗಾಲು ಹಿಂದಕ್ಕೆ ಮುರಿದ್ಕೊಂಡಂಗೆ ಬಗ್ಗಿರುತ್ತೆ. ಇಷ್ಟು ವರ್ಷ ಅಲ್ಲೇ ಕೈಯಾಡಿಸಿದೀನಿ. ಕೈಗೆ ಗೊತ್ತಿತ್ತು. ನಂಗೇ ಗೊತ್ತಿರಲಿಲ್ಲ."

ಹೀಗೆ ಒಬ್ಬನೇ, ಗುರುವಿಲ್ಲ, ಪುಸ್ತಕವಿಲ್ಲ, ಅಡುಗೆಮನೆಯ ಮೇಜಿನ ಮೇಲೆ ಶುರುಹಚ್ಚಿಕೊಂಡ. ಕಲಿತದ್ದು ಸುಲಭವಾಗಿ ಅಂತ ಯಾರೂ ತಿಳಿಯಬಾರದು. ಷೆಡ್ಡಿನ ಅಭ್ಯಾಸ ಬಿಡದೆ ಚಿತ್ರವನ್ನೂ ಹೊಟ್ಟೆಯಿಂದಲೇ ಶುರುಮಾಡುತ್ತಿದ್ದ. ಹೊಟ್ಟೆ, ಹಿಂಗಾಲು, ಆಮೇಲೆ ಕತ್ತು, ಬೆನ್ನು, ತುಪ್ಪಟ ಕತ್ತರಿಸುವ ಅದೇ ಸರದಿ. ತಲೆಯ ಪಾಳಿ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತಿತ್ತು. "ತಲೆಯನ್ನ ಬೇರೆ ಲಕೋಟೆಯಲ್ಲಿ ಕಳಿಸ್ತಿದೀಯಾ? ಇನ್ನೂ ತಲುಪಿಲ್ಲ" ಎಂದು ಎನಿಡ್ ಬರೆದಳು.

ಅವನ ಕೈಗಿದ್ದ ಇನ್ನೊಂದು ರೋಗ ಇದಕ್ಕಿಂತ ದೊಡ್ಡದು. ಕತ್ತರಿ ಒಂದು ಜಾಗದಲ್ಲಿ ಎರಡನೆಯ ಸಲ ಹಾಯ್ದರೆ ಉಣ್ಣೆಯ ಎಳೆ ತುಂಡಾಗುತ್ತದೆ, ತುಪ್ಪಟ ಕೆಡುತ್ತದೆ. ಕತ್ತರಿಸುವವರಲ್ಲಿ ಅದಕ್ಕಿಂತ ನಾಚಿಕೆಗೇಡಿನ ಕೆಲಸವಿಲ್ಲ. ಅದಕ್ಕೇ ಕ್ಲಾರಿ ಎಳೆದ ಗೆರೆಯ ಮೇಲೆ ಮತ್ತೊಂದು ಗೆರೆ ಎಳೆಯುತ್ತಲೇ ಇರಲಿಲ್ಲ. ತಪ್ಪಿದರೆ ಕಾಗದವನ್ನೇ ಒಲೆಗೆ ಹಾಕುತ್ತಿದ್ದ. ನಾನು ಪೆನ್ಸಿಲ್ಲೂ ರಬ್ಬರೂ ತಂದುಕೊಟ್ಟರೆ ಪೆನ್ಸಿಲ್ ಇಟ್ಟುಕೊಂಡು ರಬ್ಬರನ್ನು ವಾಪಸು ಕೊಟ್ಟ. ಅವನ ಒಲೆ ಆ ಚಳಿಗಾಲ ಪೂರ್ತಿ ಕುರಿಗಳಿಂದಲೇ ಉರಿಯಿತು. ಕೊನೆಗೆ ನಾನು ಲಕೋಟೆಯೊಳಗೆ ಒಂದು ಸಾಲು ಚಾಡಿ ಬರೆದು ಹಾಕಿದೆ, ಎನಿಡ್ ಉತ್ತರ ಬರೆದಳು: "ಕ್ಲಾರಿ, ಇದು ಕಾಗದ ಕಣೋ, ತುಪ್ಪಟ ಅಲ್ಲ. ಎರಡು ಸಲ ಎಳೆದ್ರೆ ಯಾವ ಮಾಲೀಕನೂ ಬಂದು ನಿನ್ನ ಬೆನ್ನಿಗೆ ನೀಲಿ ಗೀರು ಎಳೆಯಲ್ಲ." ಇದನ್ನು ಅವನು ನನ್ನಿಂದ ಎರಡು ಸಲ ಓದಿಸಿದ. ಶುಕ್ರವಾರ ಬಂದ ಕುರಿಯ ಕಾಲುಗಳ ಸುತ್ತ ಅರ್ಧ ಡಜನ್ ಗೆರೆಗಳಿದ್ದವು, ಅವುಗಳ ನಡುವೆ ಎಲ್ಲೋ ಒಂದು ಸರಿಯಾದ ಕಾಲೂ ಇತ್ತು.

ಎದುರಿಗಿಲ್ಲದ್ದನ್ನು ಬಿಡಿಸಲು ಅವನಿಗೆ ಬರುತ್ತಿರಲಿಲ್ಲ. "ಹೆಂಗಿತ್ತೋ ಏನೋ, ಊಹೆ ಮಾಡಿ ಹೆಂಗೆ ಹಾಕೋದು?" ಅನ್ನುತ್ತಿದ್ದ. ಎನಿಡ್ ನಿಂಬೆ ಗಿಡದ ಚಿತ್ರ ಕೇಳಿದಾಗ ಆ ಗಿಡ ನೀರಿಲ್ಲದೆ ಎಲೆ ಉದುರಿಸಿ ನಿಂತಿತ್ತು. ಬೋಳು ಗಿಡವನ್ನು ಕಳಿಸಿದರೆ ಅವಳು ಆಸ್ಪತ್ರೆಯ ಗೋಡೆ ಹಾರಿ ಬರುತ್ತಾಳೆ. ಹಾಗೆಂದು ಎಲೆಯಿರುವ ಗಿಡ ಬಿಡಿಸಲು ಇವನಿಂದ ಆಗದು. ಪಾತ್ರೆ ತೊಳೆದ ನೀರು, ಸ್ನಾನದ ನೀರು, ಬಕೆಟ್ ಮೇಲೆ ಬಕೆಟ್ ಐದು ವಾರ ಹೊತ್ತು ಹಾಕಿದ. ಗಿಡ ಚಿಗುರಿತು, ಚಿತ್ರ ಹೋಯಿತು. ಕೋಳಿಗಳು ದಪ್ಪಗಾದದ್ದೂ ಹೀಗೆಯೇ. ಚಿತ್ರದಲ್ಲಿ ಮೂಳೆ ಕಾಣುತ್ತಿದೆ ಎಂದು ಅವಳು ಬರೆದಿದ್ದಳು, ಇವನು ಕಾಳು ಹೆಚ್ಚಿಸಿದ.

ಅತ್ತ ಆಸ್ಪತ್ರೆಯಲ್ಲಿ ಏನಾಗುತ್ತಿತ್ತು ಎಂಬುದು ನಮಗೆ ಅವಳ ಕಾಗದಗಳಿಂದಲೇ ತಿಳಿದದ್ದು. ಎನಿಡ್‌ಳ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಚಾವಣಿ ನೋಡುತ್ತ ಮಲಗಿದ ಹನ್ನೆರಡು ಹೆಂಗಸರು. ಸಿಸ್ಟರ್ ಕ್ಲಾರಿಯ ಚಿತ್ರವನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ದು ತೋರಿಸುತ್ತಿದ್ದಳಂತೆ. ತಪ್ಪು ಹುಡುಕುವುದೇ ಎಲ್ಲರಿಗೂ ಒಂದು ಕಸುಬಾಯಿತು. ಹೈನುಗಾರಿಕೆಯ ಮನೆಯಿಂದ ಬಂದ ಮಿಸೆಸ್ ಕ್ವೇಫ್ ಹಸುವಿನ ಬಗ್ಗೆ ಯಾರ ಮಾತನ್ನೂ ಕೇಳುವವಳಲ್ಲ. ಕಿಟಕಿ ಪಕ್ಕದ ಮಿಸ್ ಪ್ರೂಯೆಟ್ ಎಳೆಯ ಮಕ್ಕಳ ಟೀಚರು, ಮರಗಿಡಗಳ ಮೇಲೆ ಅವಳ ಅಧಿಕಾರ. "ಕೊಂಬೆ ತುದಿಗೆ ಹೋಗ್ತಾ ಸಣ್ಣಗಾಗಬೇಕು ಅಂತ ನಿಮ್ಮ ಯಜಮಾನರಿಗೆ ಹೇಳಿ. ಅವರದ್ದು ಬಾಚಣಿಗೆ ಥರ ಇದೆ" ಎಂದು ಹೇಳಿ ಕಳಿಸಿದಳು. ಎನಿಡ್ ಎಲ್ಲರ ಮಾತನ್ನೂ ಬರೆಯುತ್ತಿದ್ದಳು, ಅದರ ಮೇಲೆ ತನ್ನದೂ.

ರೋಗ ಅಂಟೀತೆಂದು ಆ ಕಾಗದಗಳಿಗೆ ಊರಿನವರು ಹೆದರುತ್ತಿದ್ದರು. ನಮ್ಮ ಪೋಸ್ಟ್ ಆಫೀಸಿನಾಕೆ ಅವುಗಳನ್ನು ಇಕ್ಕಳದಲ್ಲಿ ಹಿಡಿದು ನನ್ನತ್ತ ಚಾಚಿದ ದಿನ ನಾನು ಇಕ್ಕಳವನ್ನೇ ಕಿತ್ತು ಬೀದಿಗೆ ಎಸೆದೆ. ಕಾಗದವನ್ನು ಅವಳ ಮುಂದೆಯೇ ಅಂಗಿಯ ಜೇಬಿಗಿಟ್ಟುಕೊಂಡೆ. ಒಂದು ತಿಂಗಳು ಅವಳು ನನ್ನ ಜೊತೆ ಮಾತು ಬಿಟ್ಟಳು. ನನಗೇನೂ ನಷ್ಟವಾಗಲಿಲ್ಲ.

ನವೆಂಬರಿನಲ್ಲಿ ಮಿಸ್ ಪ್ರೂಯೆಟ್ ತೀರಿಕೊಂಡಳು. ಎರಡು ವಾರದ ಮೇಲೆ ಕ್ಲಾರಿಯ ಹೆಸರಿಗೆ ಒಂದು ಪುಟ್ಟ ಪೊಟ್ಟಣ ಬಂತು. ತಗಡಿನ ಪೆಟ್ಟಿಗೆ, ಒಳಗೆ ಅವಳ ಪೆನ್ಸಿಲ್ಲುಗಳು, ಗಟ್ಟಿಯವು, ಮೆದುವಾದವು, ಒಂದು ಮೊಂಡು ತುಂಡು. ಕ್ಲಾರಿ ಅವಳ ಮುಖ ಕಂಡವನಲ್ಲ. ಒಂದೊಂದೇ ಪೆನ್ಸಿಲ್ಲನ್ನು ತೆಗೆದು ತುದಿ ಮುಟ್ಟಿ ನೋಡಿದ. "ನಂಗೋಸ್ಕರ ನೆನೆಸ್ಕೊಂಡು ಇಟ್ಟಿದಾಳಲ್ಲ ಥೆಲ್," ಅಂದ, ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ. ಆ ಶುಕ್ರವಾರ ಕಳಿಸಿದ ನೀಲಗಿರಿ ಮರದ ಕೊಂಬೆಗಳು ತುದಿಗೆ ಹೋಗುತ್ತ ಹೋಗುತ್ತ ಸಣ್ಣಗಾಗಿದ್ದವು.

ಆಮೇಲಿಂದ ಅವನ ಕೈ ಕುದುರಿತು. ಬಾಲದ ಬುಡದಿಂದ ಕುತ್ತಿಗೆಯ ತನಕ ಕತ್ತರಿಯನ್ನು ಎತ್ತದೆ ಒಂದೇ ಸಮ ಓಡಿಸುವ ಪಟ್ಟು ಅವರ ಕಸುಬಿನಲ್ಲಿದೆ. ಅದೇ ಗತ್ತು ಪೆನ್ಸಿಲ್ಲಿಗೂ ಬಂತು. ಬಾಲದಿಂದ ಮೂಗಿನ ತನಕ ಒಂದೇ ಗೆರೆ ಎಳೆದರೆ ಮಲಗಿದ ನಾಯಿ ಉಸಿರಾಡುತ್ತಿತ್ತು. ಜನವರಿಯ ಹೊತ್ತಿಗೆ ಅವನು ಬಿಡಿಸಿದ ಗಾಳಿಗಿರಣಿ ನೋಡಿದರೆ ಗಾಳಿ ಯಾವ ಕಡೆಯದು ಎಂದು ಹೇಳಬಹುದಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ದಾರಿಯ ಹದಿನಾರು ಮನೆಗೂ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದೆ.

ಎನಿಡ್‌ಳ ಕಾಗದಗಳು ಮಾತ್ರ ಗಿಡ್ಡವಾಗುತ್ತ ಬಂದವು. "ನಾಯಿ ಚೆನ್ನಾಗಿದೆ. ಎಲ್ಲರೂ ಮೆಚ್ಚಿದರು." ಇನ್ನೊಂದು ವಾರ, "ಗಾಳಿಗಿರಣಿ ತಲುಪಿತು. ಹೇಳಲು ಏನೂ ಇಲ್ಲ." ನಾವಿಬ್ಬರೂ ಹೊಗಳಿಕೆ ಎಂದು ಬೀಗಿದೆವು. ದಡ್ಡರು ನಾವು.

ಜನವರಿಯ ಕೊನೆಯ ಮಂಗಳವಾರ, ನಮ್ಮಲ್ಲಿ ಅದು ನಡುಬೇಸಿಗೆ, ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವಂಥ ಬಿಸಿಲು. ಡಬ್ಬಿಯ ಪಕ್ಕ ನಿಂತು ಕಾಗದ ಒಡೆದೆ.

"ಕ್ಲಾರಿ, ನಂಗೆ ಸಾಕಾಯ್ತು. ಮೈ ಪೂರ್ತಿ ಸರಿಹೋಗಿದೆ. ಇಲ್ಲಿ ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ, ಮೂಟೆ ಥರ ಬಿದ್ದಿದೀನಿ. ಶುಕ್ರವಾರ ಬೆಳಿಗ್ಗೆಯ ರೈಲಿಗೆ ಹೊರಡ್ತೀನಿ. ಸಿಸ್ಟರಿಗೆ ಹೇಳಿಲ್ಲ. ಶನಿವಾರ ಸ್ಟೇಷನ್ನಿಗೆ ಬಾ."

ಇನ್ನೂ ಮೂರು ತಿಂಗಳು ಬಾಕಿಯಿತ್ತು. "ಫೋನ್ ಮಾಡೋಣ ನಡಿ. ಸಿಸ್ಟರಿಗೆ ಹೇಳಿ ಬಾಗಿಲಿಗೆ ಬೀಗ ಹಾಕಿಸೋಣ" ಅಂದೆ.

"ಎನಿಡ್‌ಗೆ ಬೀಗ ಹಾಕಿದ್ರೆ ಕಿಟಕಿಯಿಂದ ಹಾರ್ತಾಳೆ." ಕ್ಲಾರಿಯ ಮುಖ ಬೂದಿಯಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದ, "ಹೋದ ವಾರದ ಕಾಗದ ಎಷ್ಟುದ್ದ ಇತ್ತು?"

"ಎರಡು ಸಾಲು. ಯಾಕೋ?"

"ಕ್ರಿಸ್ಮಸ್ ಹೊತ್ತಲ್ಲಿ?"

"ಅರ್ಧ ಪುಟ ಇರಬೇಕು."

"ಕುರಿ ಕೂತಿತ್ತಲ್ಲ, ಆವಾಗ?"

"ನಾಲ್ಕು ಪುಟ ಬರೆದಿದ್ಲು. ನಗಾಡಿ ನಗಾಡಿ."

"ಸ್ವಲ್ಪ ತಡಿ. ಹೋಗಬೇಡ" ಎಂದು ಮನೆಗೆ ಓಡಿದ. ಹಲಗೆ, ಕಾಗದ, ತಗಡಿನ ಪೆಟ್ಟಿಗೆ ತಂದು ನನ್ನ ಲಾರಿಯ ಮೂತಿಯ ಮೇಲಿಟ್ಟ. ಬೇಲಿಯಾಚೆ ನೆರಳಿನಲ್ಲಿ ಅವರ ಹಸು ನಿಂತಿತ್ತು. ಅದನ್ನು ನೋಡಿ ನೋಡಿ ಬಿಡಿಸತೊಡಗಿದ. ಬೆನ್ನಿನ ಗೆರೆ ಎಂಥ ಚಂದ ಬಂತು! ಆಮೇಲೆ ನನ್ನ ಕಣ್ಣೆದುರಿಗೇ ಹಿಂಗಾಲುಗಳನ್ನು ಮನುಷ್ಯರ ಮಂಡಿಯ ಹಾಗೆ ಮುಂದಕ್ಕೆ ಬಗ್ಗಿಸಿದ. ಕೆಚ್ಚಲನ್ನು ತಂದು ಮುಂಗಾಲುಗಳ ಹತ್ತಿರ ಇಟ್ಟ. ಹಸುವಿನ ಹಿಂದೆ ಕಾಣುತ್ತಿದ್ದ ಗಾಳಿಗಿರಣಿಯ ಬಾಲದ ತಗಡನ್ನು, ಅದು ಎಂದೂ ನಿಲ್ಲದ ಹಾಗೆ, ಗಾಳಿಗೆ ಎದುರು ತಿರುಗಿಸಿದ.

ನನ್ನ ಪಿತ್ತ ನೆತ್ತಿಗೇರಿತು. "ಏನೋ ಇದು! ಬಿಸಿಲು ತಲೆಗೆ ಹೊಡೀತಾ? ಇಷ್ಟು ತಿಂಗಳು ಕಲಿತಿದ್ದನ್ನೆಲ್ಲ ಮಣ್ಣುಪಾಲು ಮಾಡ್ತಿದೀಯಲ್ಲ, ಇದನ್ನ ನೋಡಿದ್ರೆ ಅವಳು ಉಗೀತಾಳೆ!"

"ಉಗೀಲಿ," ಅಂದ. ಕತ್ತು ಎತ್ತಲಿಲ್ಲ. "ತಪ್ಪಿದ್ರೆ ಬರೀತಾಳೆ ಥೆಲ್. ಬರೀಬೇಕು ಅಂದ್ರೆ ಅಲ್ಲೇ ಮಲಗಿರಬೇಕು."

ನಾನು ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿಗೆ ಬೀಗ ಬಿದ್ದದ್ದು ಅಂದೇ ಇರಬೇಕು. ಅವನ ಹಣೆಯಿಂದ ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು, ಕೈ ಅದನ್ನು ಒರೆಸಿ ಒರೆಸಿ ಮುಂದುವರಿಯುತ್ತಿತ್ತು. ನಲವತ್ತು ವರ್ಷ ಒಂದು ಕುರಿಯನ್ನೂ ಕೆಡಿಸದ ಕೈ ಅದು. ಬೇಕೆಂದೇ ಕೆಟ್ಟ ಕೆಲಸ ಮಾಡುವುದು ಅವನಿಗೆ ಎಷ್ಟು ಕಷ್ಟವಾಯಿತು ಎಂದು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮುಗಿಸಿ, ಕೆಳಗೆ ತನ್ನ ಹೆಸರನ್ನು ಗೀಚಿದ.

ಎಂದಿನಂತೆ ಹೋದರೆ ಆ ಕಾಗದ ಬುಧವಾರದ ರೈಲಿಗೆ ಬಿದ್ದು, ಅವಳು ಹೊರಟ ಮೇಲೆ ತಲುಪುತ್ತಿತ್ತು. ನಾನು ಲಾರಿಯನ್ನು ಅಲ್ಲಿಯೇ ತಿರುಗಿಸಿದೆ. ಮುಂದಿನ ಏಳು ಡಬ್ಬಿಗಳಿಗೆ ಅಂದು ಟಪಾಲೇ ಹೋಗಲಿಲ್ಲ, ಬ್ರೆಡ್ಡೂ ಹೋಗಲಿಲ್ಲ. ನಲವತ್ತು ಮೈಲಿ ಧೂಳೆಬ್ಬಿಸಿಕೊಂಡು ಸ್ಟೇಷನ್ನಿಗೆ ಬಂದು, ಅಂದಿನ ರೈಲಿನ ಗಾರ್ಡು ಹಸಿರು ಬಾವುಟ ಎತ್ತಿದ್ದಾಗ ಲಕೋಟೆಯನ್ನು ಅವನ ಕೈಗೆ ತುರುಕಿದೆ. ಏಳು ಮನೆಯವರೂ ನನಗೆ ವಾರಗಟ್ಟಲೆ ಬೈದರು. ಬೈಸಿಕೊಂಡೆ.

ಶನಿವಾರ ನಾನೂ ಕ್ಲಾರಿಯ ಜೊತೆ ಸ್ಟೇಷನ್ನಿಗೆ ಹೋದೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಬಂದರೆ ಬರಲಿ ಎಂದಿರಬೇಕು. ರೈಲು ಬಂತು. ಇಬ್ಬರು ಕುರಿ ವ್ಯಾಪಾರಿಗಳು ಇಳಿದರು, ಒಬ್ಬಳು ಕೂಸನ್ನೆತ್ತಿಕೊಂಡು ಇಳಿದಳು. ಕ್ಲಾರಿ ಒಂದು ಬೋಗಿಯೂ ಬಿಡದೆ ಇಣುಕಿ ನೋಡಿದ. ರೈಲು ಹೊರಟಿತು. ಹೆಂಡತಿ ರೈಲಿನಿಂದ ಇಳಿಯಲಿಲ್ಲ ಅಂತ ಪ್ಲಾಟ್‌ಫಾರಂ ಮೇಲೆ ನಿಂತು ಟೋಪಿ ಮೇಲಕ್ಕೆ ಎಸೆದ ಗಂಡಸನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಮಂಗಳವಾರ ಆರು ಪುಟ ಬಂತು. "ಕ್ಲಾರಿ, ಹಸುವಿಗೆ ಏನು ಮಾಡಿದೀಯ? ಅದು ಚರ್ಚಿನಲ್ಲಿ ಮಂಡಿಯೂರೋಕೆ ಹೊರಟಿದೆ. ಕೆಚ್ಚಲು ನೋಡಿ ಮಿಸೆಸ್ ಕ್ವೇಫ್ ಎದ್ದು ಕೂತುಬಿಟ್ಟಳು, ಸಿಸ್ಟರ್ ಬೈದು ಮಲಗಿಸಿದಳು. ಗಾಳಿಗಿರಣಿ ಹಂಗೆ ತಿರುಗೋದು ಸರಿ ಅಂತ ಮೂರು ಜನ, ತಪ್ಪು ಅಂತ ಎಂಟು ಜನ. ಜಗಳ ಬಿಡಿಸದೆ ನಾನು ಹೆಂಗೆ ಹೊರಡಲಿ? ಇನ್ನೊಂದು ಕಳಿಸು, ಈ ಸಲ ಕಣ್ಣು ಬಿಟ್ಕೊಂಡು ನೋಡು..."

ಆಮೇಲಿನ ಮೂರು ತಿಂಗಳು ಕ್ಲಾರಿ ವಾರಕ್ಕೆರಡು ಚಿತ್ರ ಕಳಿಸಿದ. ಪ್ರತಿಯೊಂದರಲ್ಲೂ ಅಳೆದು ಸುರಿದು ಒಂದೋ ಎರಡೋ ತಪ್ಪು. ಜಾಸ್ತಿ ಹಾಕಿದರೆ ಅನುಮಾನ ಬರುತ್ತದೆ, ಕಡಿಮೆ ಹಾಕಿದರೆ ಕಾಗದ ಗಿಡ್ಡವಾಗುತ್ತದೆ. ತಪ್ಪು ಮಾಡಲು ಸರಿಯಾಗಿ ನೋಡಲೇಬೇಕಲ್ಲ, ಅವನು ಮೊದಲಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದ. ನಾನು ಯಾರಿಗೂ ಉಸಿರೆತ್ತಲಿಲ್ಲ. ಗ್ಲಾಡಿಸ್‌ಗೆ ಕೂಡ ಹೇಳಲಿಲ್ಲ ಅಂದರೆ ನನ್ನ ಕಷ್ಟವನ್ನು ನೀವೇ ಊಹಿಸಿ.

ಏಪ್ರಿಲಿನ ಕೊನೆಗೆ ಎನಿಡ್ ಬಂದಳು, ಎದೆ ವಾಸಿಯಾಗಿದೆ ಎಂಬ ಡಾಕ್ಟರ ಕಾಗದ ಹಿಡಿದುಕೊಂಡು. ದಪ್ಪಗಾಗಿದ್ದ ಅವಳನ್ನು ಅಪ್ಪಿಕೊಂಡು ನಾನು ಸ್ಟೇಷನ್ನಿನಲ್ಲಿ ಗೊಳೋ ಎಂದು ಅತ್ತೆ. "ಬಿಡೇ, ಉಸಿರು ಕಟ್ತಿದೆ. ಈಗಷ್ಟೇ ರಿಪೇರಿ ಆಗಿದೆ" ಅಂದಳು. ಕ್ಲಾರಿ ಪೆನ್ಸಿಲ್ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟ. "ಇನ್ಯಾಕೆ? ಅವಳು ಇಲ್ಲೇ ಇದಾಳಲ್ಲ" ಅಂದ.

ಮೂರು ವಾರದ ಮೇಲೆ ಅವರ ಅಡುಗೆಮನೆಯಲ್ಲಿ ಕೂತು ನಾನು ಚಹಾ ಕುಡಿಯುತ್ತಿದ್ದೆ. ಅಂದು ನಾನೇ ತಂದ ಕಾಗದವೊಂದನ್ನು ಎನಿಡ್ ಒಡೆದು ಓದಿದಳು. ವಾರ್ಡಿನಿಂದ ಬಂದದ್ದು, ಕ್ಲಾರಿಯ ಹೆಸರಿಗೆ, ಕೆಳಗೆ ಒಂಬತ್ತು ಸಹಿ. ಎನಿಡ್ ಹೋದ ಮೇಲೆ ಚಿತ್ರ ನಿಂತುಹೋಗಿದೆ, ನಾವಿನ್ನೂ ಇಲ್ಲೇ ಇದ್ದೇವೆ ಎಂದು ಬರೆದಿದ್ದರು. ಎನಿಡ್‌ಳ ಹಾಸಿಗೆಗೆ ಡೇಸಿ ಎಂಬ ಮೂರು ಮಕ್ಕಳ ತಾಯಿ ಬಂದಿದ್ದಾಳಂತೆ, ಪ್ರತಿ ಭಾನುವಾರ ಅಳುತ್ತ ಚೀಲ ತುಂಬುತ್ತಾಳಂತೆ.

ಕ್ಲಾರಿ ಎದ್ದು ಕಪಾಟಿನ ಮೇಲಿನ ಪೆಟ್ಟಿಗೆ ತೆಗೆದ. "ಇವಳನ್ನ ಉಳಿಸಿಕೊಟ್ಟೋರು ಅವರು," ಅಂತ ಯಾರಿಗೋ ಹೇಳುವವನ ಹಾಗೆ ಅಂದು, ವರಾಂಡದಲ್ಲಿ ಕೂತು ಮೆಟ್ಟಿಲ ಮೇಲಿನ ಕೋಳಿಗಳನ್ನು ಬಿಡಿಸತೊಡಗಿದ. ಅರ್ಧ ಗಂಟೆಯಲ್ಲಿ ಮುಗಿಯಿತು. ಅವನು ಅಲ್ಲಿಯ ತನಕ ಮಾಡಿದ್ದರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಒಂದು ಗರಿ ಕೂಡ ಆಚೀಚೆ ಇರಲಿಲ್ಲ.

ಎನಿಡ್ ಅವನ ಹಿಂದೆ ನಿಂತು ನೋಡಿದಳು. "ಚೆನ್ನಾಗಿದೆ. ತಪ್ಪೆಲ್ಲಿ?"

"ಯಾವ ತಪ್ಪು?"

"ನಂಗೆ ಮೂರು ತಿಂಗಳು ಕಳಿಸಿದ್ಯಲ್ಲ, ಅಂಥದ್ದು. ಡೇಸಿಗೂ ಒಂದು ಇಡು. ಮೂರು ಮಕ್ಕಳಿದಾವೆ ಅವಳಿಗೆ."

ಕ್ಲಾರಿ ಗರಕ್ಕನೆ ನನ್ನ ಕಡೆ ತಿರುಗಿದ. ನಾನು ಎರಡೂ ಕೈ ಎತ್ತಿದೆ. ದೇವರಾಣೆ, ನಾನು ಬಾಯಿ ಬಿಟ್ಟಿರಲಿಲ್ಲ.

"ಅವಳ್ಯಾಕೆ ಹೇಳಬೇಕು? ನಿನ್ನ ಕೆಲಸ ನಂಗೆ ಗೊತ್ತಿಲ್ವಾ?" ಅಂದಳು ಎನಿಡ್. "ಆ ಹಸು ಬಂದ ದಿನಾನೇ ಗೊತ್ತಾಯ್ತು. ಬೆನ್ನು ಅಷ್ಟು ಚೆನ್ನಾಗಿ ಎಳೆದೋನು ಕಾಲು ಹಂಗೆ ಮಾಡ್ತಾನಾ?"

ಕ್ಲಾರಿ ಪೆನ್ಸಿಲ್ ಕೆಳಗಿಟ್ಟ. "ಗೊತ್ತಿದ್ದೂ ಆರು ಪುಟ ಬರೆದ್ಯಾ? ಆವತ್ತು ಬೆಳಿಗ್ಗೆ ಹೊರಟಿದ್ಯಲ್ಲ."

"ಚೀಲ ಕೈಯಲ್ಲೇ ಇತ್ತು," ಅಂದಳು. ಅವನ ಹೆಗಲ ಮೇಲೆ ಕೈಯಿಟ್ಟಳು. "ಒಂದು ಕುರೀನೂ ಕೆಡಿಸದೋನು ನಂಗೋಸ್ಕರ ಅಷ್ಟು ಕೆಡಿಸಿ ಕಳಿಸಿದೀಯ. ಅದನ್ನ ನೋಡಿದ ಮೇಲೆ ಎದ್ದು ಬರೋಕೆ ಮನಸ್ಸು ಬರ್ಲಿಲ್ಲ ಕಣೋ."

ಕ್ಲಾರಿಯ ಕಿವಿ ಕೆಂಪಗಾಯಿತು. ಪೆನ್ಸಿಲ್ ಮತ್ತೆ ಎತ್ತಿಕೊಂಡ. ಕಾಗದದ ಮೇಲೆ ಬಗ್ಗಿ, ಎಲ್ಲಕ್ಕಿಂತ ಚಂದ ಬಂದಿದ್ದ ಕೋಳಿಗೆ ಮೂರನೆಯ ಕಾಲು ಹಾಕಿದ.